ಹಾಸನದಲ್ಲಿ ಒರೆಗೆ ಹಚ್ಚಿದ ಬರ್ನ್‌ಔಟ್ ಫಾರಂ

ದುಡ್ಡು ಕೊಟ್ಟು ಪ್ರಶ್ನೆ ಕೊಂಡುಕೊಂಡವರು ಹಾಸನದಲ್ಲಿ ನಾವೇ ಮೊದಲಿರಬೇಕು ಅಂತ ನಮ್ಮ ಆಫೀಸಿನಲ್ಲಿ ಲೆಕ್ಕ ನೋಡುವವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಅದೂ ಡಾಲರ್ ಲೆಕ್ಕದಲ್ಲಿ. ಇರೋದು 22 ಪ್ರಶ್ನೆ. "ನನಗೆ ಹೇಳಿದ್ರೆ ಐವತ್ತು ಬರ್ಕೊಡ್ತಿದ್ದೆ ಮೇಡಂ, ಒಂದು ಕಾಫಿ ಕೊಡಿಸಿದ್ರೆ ಸಾಕಿತ್ತು" ಅಂದರು. ನಾನೂ ನಕ್ಕೆ. ಆದರೆ ಒಳಗೊಳಗೆ ನನಗೂ ಅದೇ ಅನುಮಾನ ಇತ್ತು.

ತಂದದ್ದು ಮ್ಯಾಸ್ಲಾಕ್ ಬರ್ನ್‌ಔಟ್ ಇನ್ವೆಂಟರಿ. ಕೆಲಸ ಮಾಡಿ ಮಾಡಿ ಮನಸ್ಸು ಬತ್ತಿಹೋಗುವ ಸುಸ್ತು, ಅಂದರೆ ಬರ್ನ್‌ಔಟ್, ಎಷ್ಟಿದೆ ಅಂತ ಅಳೆಯುವ ಫಾರಂ. ಅದರಲ್ಲೂ ಹ್ಯೂಮನ್ ಸರ್ವಿಸಸ್ ಸರ್ವೇ ಅನ್ನುವ ನಮೂನೆ. ದಿನವಿಡೀ ಬೇರೆಯವರ ಕಷ್ಟದ ಮಧ್ಯೆಯೇ ಕೆಲಸ ಮಾಡುವ ನರ್ಸ್, ಕೌನ್ಸೆಲರ್, ಸಮಾಜ ಕಾರ್ಯಕರ್ತರು, ಪೊಲೀಸರು, ಇಂಥವರಿಗಾಗಿ ಮಾಡಿದ್ದು. ನಾನು ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಓದಿ ಇಲ್ಲಿನ ಒಂದು ಸಣ್ಣ ಸಂಸ್ಥೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಹಾಸಿಗೆ ಹಿಡಿದ ಹಿರಿಯರ ಮನೆ ಭೇಟಿ, ಬಾಣಂತಿಯರ ವಿಚಾರಣೆ, ಕುಡಿತ ಬಿಡಿಸುವ ಕ್ಯಾಂಪ್, ಎಲ್ಲಾ ಮಾಡುತ್ತೇವೆ. ಸಕಲೇಶಪುರ, ಆಲೂರು ಕಡೆ ಹೋಗುವ ನಮ್ಮ ಹುಡುಗಿಯರು ಆನೆ ಎಲ್ಲಿದೆ ಅಂತ ಫೋನ್ ಮಾಡಿ ಕೇಳಿಕೊಂಡೇ ತೋಟದ ಲೈನ್ ಮನೆಗಳಿಗೆ ಹೊರಡಬೇಕು. ಒಂದೇ ವರ್ಷದಲ್ಲಿ ನಮ್ಮಲ್ಲಿ ಐದು ಜನ ಕೆಲಸ ಬಿಟ್ಟರು. ಐವರೂ ಬರೆದುಕೊಟ್ಟ ಕಾರಣ ಒಂದೇ, "ಸ್ವಂತ ಕಾರಣಗಳಿಂದ".

ಆಗ ನಮ್ಮ ಮುಖ್ಯಸ್ಥರು ಎಲ್ಲೋ ಈ ಫಾರಂ ಬಗ್ಗೆ ಓದಿಕೊಂಡು ಬಂದರು. "ಇದನ್ನ ಎಲ್ರಿಗೂ ಕೊಟ್ಟು, ಯಾರ್ಯಾರಿಗೆ ಬರ್ನ್‌ಔಟ್ ಆಗಿದೆ ಅಂತ ಒಂದು ಲಿಸ್ಟ್ ಮಾಡಿ ಕೊಡಿ" ಅಂದರು. ಆ ಲಿಸ್ಟ್ ಇವತ್ತಿನವರೆಗೂ ನಾನು ಕೊಟ್ಟಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಕೊಳ್ಳಬೇಕು ಅಂತಿರುವ ಬೇರೆ ಸಂಸ್ಥೆಯವರು ಓದಿಕೊಂಡರೆ ಒಂದಷ್ಟು ದುಡ್ಡೂ ಉಳಿಯಬಹುದು, ತಲೆನೋವೂ ತಪ್ಪಬಹುದು.

ಮೊದಲು ಸರಕಿನ ಬಗ್ಗೆ. ಸೇವೆ ಮಾಡುವವರ ಈ ಸುಸ್ತಿಗೆ ಬರ್ನ್‌ಔಟ್ ಅಂತ ಹೆಸರಿಟ್ಟು 1974ರಲ್ಲಿ ಬರೆದವರು ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಅದನ್ನು ಅಳೆಯುವ ಸಾಧನ ಮಾಡಿದವರು ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್. 1981ರಲ್ಲಿ ಪ್ರಕಟವಾಯಿತು. ಸುಮ್ನೆ ಕೂತು ಬರೆದದ್ದಲ್ಲ. ಮೊದಲು 47 ಪ್ರಶ್ನೆ ಮಾಡಿ 605 ಜನರಿಗೆ ಕೊಟ್ಟರು, ಜೊಳ್ಳು ತೂರಿ 25ಕ್ಕೆ ಇಳಿಸಿದರು, ಅದನ್ನು ಇನ್ನೂ 420 ಜನರ ಮೇಲೆ ನೋಡಿದರು, ಕೊನೆಗೆ 22 ಉಳಿಯಿತು. ಇದನ್ನ ಹೇಳಿದ ಮೇಲೆ ನಮ್ಮ ಲೆಕ್ಕದವರು ಐವತ್ತು ಪ್ರಶ್ನೆಯ ಮಾತು ಎತ್ತಲಿಲ್ಲ. 22ರಲ್ಲಿ 9 ಪ್ರಶ್ನೆ ಮನಸ್ಸು ಬತ್ತಿಹೋಗಿರುವುದರ ಬಗ್ಗೆ. 5 ಪ್ರಶ್ನೆ ಎದುರಿಗೆ ಬಂದವರ ಬಗ್ಗೆ ನಮ್ಮ ಮನಸ್ಸು ಕಲ್ಲಾಗಿದೆಯಾ ಅನ್ನುವುದಕ್ಕೆ. ಉಳಿದ 8 ಪ್ರಶ್ನೆ ಮಾಡಿದ ಕೆಲಸ ಸಾರ್ಥಕ ಅನ್ನಿಸುತ್ತದಾ ಅನ್ನುವುದಕ್ಕೆ. ಪ್ರತಿಯೊಂದಕ್ಕೂ ಎಷ್ಟು ಸಲ ಹೀಗಾಗುತ್ತೆ ಅಂತ 0ಯಿಂದ 6ರವರೆಗೆ ಅಂಕ. 0 ಅಂದರೆ ಯಾವತ್ತೂ ಇಲ್ಲ, 6 ಅಂದರೆ ದಿನಾ. ಮೂರು ಭಾಗಕ್ಕೂ ಬೇರೆ ಬೇರೆ ಮೊತ್ತ, ಮೂರನ್ನೂ ಸೇರಿಸಿ ಒಂದು ಅಂಕ ಮಾಡುವ ಹಾಗಿಲ್ಲ. ನಮ್ಮವರು ಮೊದಲು ಮಾಡಿದ್ದೇ ಅದನ್ನ. ಎಕ್ಸೆಲ್‌ನಲ್ಲಿ ಮೂರನ್ನೂ ಕೂಡಿಸಿ, ಬಣ್ಣ ಬಳಿದು, ಪ್ರಿಂಟ್ ತೆಗೆದಿಟ್ಟಿದ್ದರು. ಸಾರ್ಥಕದ ಭಾಗದಲ್ಲಿ ಜಾಸ್ತಿ ಬಂದರೆ ಒಳ್ಳೆಯದು, ಉಳಿದೆರಡರಲ್ಲಿ ಜಾಸ್ತಿ ಬಂದರೆ ಕೆಟ್ಟದ್ದು. ಕೂಡಿಸಿದರೆ ಏನು ಬರುತ್ತೆ? ಉಪ್ಪು ಸಕ್ಕರೆ ಒಂದೇ ಡಬ್ಬಕ್ಕೆ ಸುರಿದ ಹಾಗೆ.

ಮಾರುವುದು ಮೈಂಡ್ ಗಾರ್ಡನ್ ಅನ್ನುವ ಅಮೆರಿಕದ ಕಂಪನಿ. ಒಬ್ಬರಿಗೆ ಒಂದು ಪ್ರತಿ ಅಂತ ಲೆಕ್ಕ. ಕಾಪಿರೈಟ್ ಇದೆ, ಅನುವಾದಕ್ಕೂ ಅನುಮತಿ ಬೇಕು. ಹಾಗಾಗಿ ಪ್ರಶ್ನೆಗಳನ್ನು ಇಲ್ಲಿ ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಒಂದು ವಿಷಯ ಮಾತ್ರ ನನಗೆ ತುಂಬಾ ಹಿಡಿಸಿತು. ತುಂಬುವವರ ಕೈಗೆ ಕೊಡುವ ಹಾಳೆಯ ಮೇಲೆ ಬರ್ನ್‌ಔಟ್ ಅನ್ನುವ ಪದ ದಪ್ಪಕ್ಷರದಲ್ಲಿ ಇರಬಾರದು, ಹ್ಯೂಮನ್ ಸರ್ವಿಸಸ್ ಸರ್ವೇ ಅಂತಷ್ಟೇ ಇರಲಿ ಅನ್ನುವುದು ಮಾಡಿದವರದ್ದೇ ಸಲಹೆ. ಪದ ನೋಡಿದ ಕೂಡಲೇ ಜನ ಅದಕ್ಕೆ ತಕ್ಕ ಹಾಗೆ ಉತ್ತರ ಕೊಡುತ್ತಾರೆ ಅಂತ. ಜನರ ನಾಡಿ ಬಲ್ಲವರು ಮಾಡಿದ ಸರಕು ಅಂತ ಅಲ್ಲೇ ಗೊತ್ತಾಯಿತು. ನಮ್ಮವರು ಮಾತ್ರ ಮೀಟಿಂಗ್ ನೋಟಿಸಿನಲ್ಲೇ "ಬರ್ನ್‌ಔಟ್ ಟೆಸ್ಟ್, ಎಲ್ಲರೂ ಕಡ್ಡಾಯ" ಅಂತ ಹಾಕಿಬಿಟ್ಟಿದ್ದರು.

ಆ ಮೊದಲನೇ ಸುತ್ತು ಹೇಗಾಯಿತು ಅಂತ ಸ್ವಲ್ಪ ವಿವರವಾಗಿ ಹೇಳಲೇಬೇಕು. ತಿಂಗಳ ಸಭೆ. ಮುಖ್ಯಸ್ಥರು ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ನಮ್ಮ ಸಿಬ್ಬಂದಿ, ಜೊತೆಗೆ ನಮ್ಮೊಡನೆ ಕೆಲಸ ಮಾಡುವ ಕೆಲವು ಆಶಾ, ಅಂಗನವಾಡಿಯವರು, ಇಬ್ಬರು ಮೂವರು ನರ್ಸ್‌ಗಳು. ಎಲ್ಲಾ ಸೇರಿ ನಲವತ್ತು ಮುಟ್ಟಲಿಲ್ಲ. ಹಾಳೆಯ ಮೇಲೆ ಹೆಸರು ಬರೆಯುವ ಜಾಗ ಬೇರೆ ಇತ್ತು, ಅದನ್ನ ನಮ್ಮವರೇ ಸೇರಿಸಿದ್ದು. ಹಿಂದಿನ ಸಾಲಿನಲ್ಲಿ ಒಬ್ಬರು ಅಕ್ಕ ಪಕ್ಕದವರನ್ನು ಕೇಳುತ್ತಿದ್ದರು, "ಇದಕ್ಕೆ ಎಷ್ಟು ಹಾಕಿದ್ಯೇ?" "ಸೊನ್ನೆ ಹಾಕು ಕಣಕ್ಕ, ಎಲ್ಲಾದಕ್ಕೂ ಸೊನ್ನೆ ಹಾಕು, ಒಳ್ಳೇದು ಕೇಳಿರೋವಕ್ಕೆ ಮಾತ್ರ ಆರು ಹಾಕು." ಕಾಲು ಗಂಟೆಯಲ್ಲಿ ಮುಗಿಯಿತು. ಫಲಿತಾಂಶ ನೋಡಿದರೆ ಇಡೀ ಹಾಸನ ಜಿಲ್ಲೆಯಲ್ಲಿ ನಮ್ಮಷ್ಟು ಸುಖವಾಗಿ ಕೆಲಸ ಮಾಡುವವರು ಇಲ್ಲ. ಸುಸ್ತಿಲ್ಲ, ಬೇಸರವಿಲ್ಲ, ಸಾರ್ಥಕತೆ ಉಕ್ಕಿ ಹರಿಯುತ್ತಿದೆ. ಮುಖ್ಯಸ್ಥರಿಗೆ ಖುಷಿಯೋ ಖುಷಿ. ಅದೇ ವಾರ ಆರನೆಯವರು ರಾಜೀನಾಮೆ ಕೊಟ್ಟರು. ಅವರ ಹಾಳೆ ತೆಗೆದು ನೋಡಿದೆ. ಸುಸ್ತಿನ ಒಂಬತ್ತು ಪ್ರಶ್ನೆಗೂ ಸೊನ್ನೆ.

ಒಂದು ಸಾಧನ ಸರಿ ಇದೆಯಾ ಅಂತ ನೋಡುವಾಗ ಎರಡು ಬೇರೆ ಬೇರೆ ಪ್ರಶ್ನೆಗಳಿವೆ, ಪ್ರತಿ ಸಲ ಒಂದೇ ಅಳತೆ ಬರುತ್ತದಾ, ಅಳೆಯಬೇಕಾದ್ದನ್ನೇ ಅಳೆಯುತ್ತದಾ ಅಂತ ಎಂಎಸ್‌ಡಬ್ಲ್ಯೂನಲ್ಲಿ ಬಾಯಿಪಾಠ ಮಾಡಿದ್ದೆ, ಅರ್ಥ ಆದದ್ದು ಆವತ್ತು. ನಮ್ಮ ಕಡೆ ಆಲೂಗೆಡ್ಡೆ ಬೆಳೆಯುವವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕಿತ್ತ ಗೆಡ್ಡೆಗೆ ಮಣ್ಣು ಮೆತ್ತಿಕೊಂಡಿರುತ್ತದೆ. ಮೂಟೆಯನ್ನು ಮೂರು ಸಲ ಇಟ್ಟರೂ ತಕ್ಕಡಿ ಅದೇ ತೂಕ ತೋರಿಸುತ್ತದೆ, ತಕ್ಕಡಿಯಲ್ಲಿ ದೋಷವಿಲ್ಲ. ಆದರೆ ತೂಗಿದ್ದು ಗೆಡ್ಡೆಯನ್ನೋ ಮಣ್ಣನ್ನೋ? ಮೊದಲನೇ ಸುತ್ತಿನಲ್ಲಿ ನಾವು ತೂಗಿದ್ದು ಮಣ್ಣು. ಮುಂದೆ ಕೂತವರ ಮೇಲಿನ ಹೆದರಿಕೆ ಎಷ್ಟಿದೆ ಅಂತ ಬೇಕಾದರೆ ಆ ಹಾಳೆಗಳಿಂದ ಹೇಳಬಹುದಿತ್ತು.

ಎರಡನೇ ಸುತ್ತು ಮಾಡಿಸಲು ನಾನು ಆರು ವಾರ ಜಗಳ ಆಡಿದೆ. ಹೆಸರಿಲ್ಲ, ಸಹಿ ಇಲ್ಲ. ಮುಖ್ಯಸ್ಥರು ಆ ದಿನ ಬೇಲೂರು ಕಡೆ ಕ್ಯಾಂಪಿಗೆ. ಗ್ಲೂಕೋಸ್ ಬಾಟಲಿ ಬರುವ ರಟ್ಟಿನ ಪೆಟ್ಟಿಗೆಗೆ ಸೀಳು ಮಾಡಿ, ಟೇಪ್ ಹಚ್ಚಿ, ಬಾಗಿಲ ಹತ್ತಿರ ಇಟ್ಟೆವು. ಎಲ್ಲರಿಗೂ ಒಂದೇ ಥರದ ನೀಲಿ ಪೆನ್ನು, ಯಾಕೆಂದರೆ "ಪೆನ್ನಿನ ಬಣ್ಣ ನೋಡಿ ಕಂಡು ಹಿಡೀತಾರೆ" ಅಂತ ಒಬ್ಬರು ಮೊದಲೇ ಹೇಳಿದ್ದರು. ಆದರೂ ಒಬ್ಬ ಆಶಾ ಕಾರ್ಯಕರ್ತೆ ಹಾಳೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿ ಕೇಳಿದರು, "ಇದನ್ನ ಓದೋರು ಯಾರು ಮೇಡಂ?" ನಾನೇ ಅಂದೆ. "ಆಮೇಲೆ?" ಆಮೇಲೆ ಯಾರೂ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಗೋಡೆ ಕಡೆ ತಿರುಗಿ ಕೂತು ಬರೆದರು. ಈ ಸಲ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಸೊನ್ನೆಗಳೆಲ್ಲ ಮಾಯ. ಅದೇ ಜನ, ಅದೇ ಹಾಳೆ, ಎರಡು ತಿಂಗಳೂ ಆಗಿಲ್ಲ. ಈ ಫಾರಂ ಕೊಳ್ಳುವವರು ಲೈಸೆನ್ಸಿನ ಜೊತೆಗೆ ಆ ರಟ್ಟಿನ ಪೆಟ್ಟಿಗೆಗೂ ಬಜೆಟ್ಟಿನಲ್ಲಿ ಜಾಗ ಇಟ್ಟುಕೊಳ್ಳಿ.

ಇನ್ನು ಕನ್ನಡ. ಇದರ ಬಗ್ಗೆ ಒಂದು ದಿನ ಪೂರ್ತಿ ಮಾತಾಡಬಹುದು. ಅನುಮತಿ ತಗೊಂಡು, ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದರು, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ಮಾಡಿದರು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆವು. ಕ್ರಮ ಸರಿಯೇ, ಎಲ್ಲಾ ಕಡೆ ಹೀಗೇ ಮಾಡೋದು. ವಾಪಸ್ ಬಂದ ಇಂಗ್ಲಿಷ್ ಹೆಚ್ಚುಕಮ್ಮಿ ಮೂಲದ ಹಾಗೇ ಇತ್ತು. ಎಲ್ಲರೂ ಕೈ ಕುಲುಕಿದೆವು. ಆದರೆ ಮಧ್ಯದಲ್ಲಿದ್ದ ಕನ್ನಡ ಯಾರೂ ಆಡುವ ಕನ್ನಡ ಅಲ್ಲ. "ಭಾವನಾತ್ಮಕವಾಗಿ ಬರಿದಾಗಿದ್ದೇನೆ" ಅಂತ ಅರಸೀಕೆರೆಯ ಯಾವ ಅಂಗನವಾಡಿ ಟೀಚರ್ ಹೇಳುತ್ತಾರೆ? ಅವರು ಹೇಳುವುದು "ಸಾಕಾಗೋಗೈತೆ", "ಜೀವ ಹೈರಾಣಾಗೈತೆ", ಇಲ್ಲಾ "ಯಾರ ಮಕ ನೋಡೋಕೂ ಬ್ಯಾಡ ಅನ್ಸುತ್ತೆ". ಮೂರೂ ಬೇರೆ ಬೇರೆ ಮಾತು. ಮೊದಲನೆಯದು ಬೇಸರ, ಎರಡನೆಯದು ಮೈ ಮನಸ್ಸು ಎರಡೂ ಸೋತದ್ದು, ಮೂರನೆಯದು ಆಗಲೇ ಎರಡನೇ ಭಾಗದ ಬಾಗಿಲು ತಟ್ಟುತ್ತಿದೆ. ಆ ಎರಡನೇ ಭಾಗದ ಹೆಸರನ್ನು ನಮ್ಮ ಅನುವಾದಕರು "ನಿರ್ವೈಯಕ್ತೀಕರಣ" ಅಂತ ಮಾಡಿದ್ದರು. ಓದುವಷ್ಟರಲ್ಲೇ ಬರ್ನ್‌ಔಟ್ ಆಗುತ್ತೆ. ಆಮೇಲೆ ಸೇವೆ ಪಡೆಯುವವರಿಗೆ ಏನನ್ನಬೇಕು ಅನ್ನುವ ಪ್ರಶ್ನೆ. ಸರ್ಕಾರಿ ಪದ "ಫಲಾನುಭವಿ". ಅದು ರಿಜಿಸ್ಟರಿನಲ್ಲಿ ಬರುವ ಪದ. ಅದನ್ನ ಹಾಕಿದರೆ ಉತ್ತರವೂ ರಿಜಿಸ್ಟರಿಗೆ ಬರೆದ ಹಾಗೇ ಬರುತ್ತೆ. ಕೊನೆಗೆ "ನಾವು ನೋಡಿಕೊಳ್ಳುವ ಜನ" ಅಂತ ಮಾಡಿಕೊಂಡೆವು.

ಮನಸ್ಸು ಕಲ್ಲಾಗಿದೆಯಾ ಅಂತ ಕೇಳುವ ಐದು ಪ್ರಶ್ನೆಗಳೇ ಎಲ್ಲಕ್ಕಿಂತ ಕಷ್ಟ. ಒಬ್ಬ ಸಿಸ್ಟರ್ ಹೇಳಿದರು, "ನಾವು ವಾರ್ಡಿನಲ್ಲಿ ಹನ್ನೆರಡನೇ ಬೆಡ್ಡು, ಹದಿನೈದನೇ ಬೆಡ್ಡು ಅಂತಾನೇ ಕರೆಯೋದು. ಅದು ಕೆಲಸದ ರೂಢಿ. ಅದಕ್ಕೇ ನಾನು ಕಲ್ಲು ಮನಸ್ಸಿನವಳು ಅಂತ ಹಾಕ್ಕೋಬೇಕಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಕಡೆ, ನಿಜವಾಗಿ ಹಾಗೆ ಅನ್ನಿಸಿದವರೂ ಒಪ್ಪಿಕೊಳ್ಳುವುದಿಲ್ಲ. ಸುಸ್ತಾಗಿದೆ ಅನ್ನುವುದು ನಮ್ಮಲ್ಲಿ ಮರ್ಯಾದೆಯ ಮಾತು, ದುಡಿದಿದ್ದಕ್ಕೆ ಸಾಕ್ಷಿ. ರೋಗಿ ಮೇಲೆ ಕರುಣೆ ಹೋಗಿದೆ ಅನ್ನುವುದು ಪಾಪದ ಮಾತು. ಎರಡಕ್ಕೂ ಒಂದೇ 0–6 ಅಳತೆಪಟ್ಟಿ ಇಟ್ಟರೆ ಒಂದು ತುದಿ ಬಾಗೇ ಬಾಗುತ್ತದೆ.

ಅಳತೆಪಟ್ಟಿ ಅಂದರೆ ನೆನಪಾಯಿತು. ಇದನ್ನ ಯಾರೂ ಎಲ್ಲೂ ಬರೆದದ್ದು ನಾನು ನೋಡಿಲ್ಲ, ಹಾಗಾಗಿ ಹೇಳುತ್ತೇನೆ. ವರ್ಷಕ್ಕೆ ಕೆಲವು ಸಲ, ತಿಂಗಳಿಗೆ ಒಂದು ಸಲ, ತಿಂಗಳಿಗೆ ಕೆಲವು ಸಲ, ವಾರಕ್ಕೆ ಒಂದು ಸಲ, ಹೀಗೆ ಮೇಲಕ್ಕೆ ಹೋಗುತ್ತೆ. ತಿಂಗಳಿಗೆ ಕೆಲವು ಸಲ ಮತ್ತು ವಾರಕ್ಕೊಂದು ಸಲ, ಇವೆರಡರಲ್ಲಿ ವ್ಯತ್ಯಾಸ ಏನು ಅಂತ ಮೂರು ಜನ ಕೇಳಿದರು. ಆಮೇಲೆ ನಾವು ಬಾಯಲ್ಲಿ ಹೇಳಿಕೊಡುವಾಗ ಹಬ್ಬಕ್ಕೊಮ್ಮೆ, ತಿಂಗಳ ಮೀಟಿಂಗಿಗೊಮ್ಮೆ, ಸಂತೆಗೊಮ್ಮೆ, ದಿನಾ ಅಂತ ಗುರುತು ಕೊಟ್ಟೆವು. ತಕ್ಷಣ ಕೈ ಓಡಿತು. ಶಾಸ್ತ್ರದ ಪ್ರಕಾರ ಹೀಗೆ ಗುರುತು ಬದಲಿಸಿದರೆ ಬೇರೆ ಊರಿನ ಅಂಕಗಳ ಜೊತೆ ಹೋಲಿಸುವ ಹಾಗಿಲ್ಲ, ಅದು ನನಗೂ ಗೊತ್ತು. ಹೋಲಿಸಲು ಹೋಗಲಿಲ್ಲ.

ಈಗ ಅಂಕಿಗಳ ಮಾತು. ಮೂಲ ಅಧ್ಯಯನದಲ್ಲಿ ಒಂದು ಭಾಗದ ಪ್ರಶ್ನೆಗಳು ಎಷ್ಟು ಒಗ್ಗಟ್ಟಾಗಿ ನಿಲ್ಲುತ್ತವೆ ಅಂತ ಹೇಳುವ ಕ್ರೋನ್‌ಬಾಕ್ ಆಲ್ಫಾ ಹೀಗಿತ್ತು (1ಕ್ಕೆ ಹತ್ತಿರವಾದಷ್ಟೂ ಒಗ್ಗಟ್ಟು ಹೆಚ್ಚು): ಸುಸ್ತಿಗೆ 0.90, ಕಲ್ಲು ಮನಸ್ಸಿಗೆ 0.79, ಸಾರ್ಥಕತೆಗೆ 0.71. ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಜನರಿಗೆ ಮತ್ತೆ ಕೊಟ್ಟಾಗ ಸುಸ್ತಿನ ಅಂಕ 0.82ರಷ್ಟು ಹೊಂದಿಕೆಯಾಯಿತು, ಕಲ್ಲು ಮನಸ್ಸಿನದು 0.60ಕ್ಕೆ ನಿಂತಿತು. ಅಂದರೆ ಮೂರರಲ್ಲಿ ನೆಚ್ಚಬಹುದಾದ್ದು ಸುಸ್ತಿನ ಭಾಗ. ಯಾವ ಪ್ರಶ್ನೆ ಯಾವ ಗುಂಪಿಗೆ ಸೇರುತ್ತದೆ ಅಂತ ಬೇರೆ ಬೇರೆ ದೇಶಗಳಲ್ಲಿ ವಿಶ್ಲೇಷಣೆ ಮಾಡಿದ ಹಲವರು ಮತ್ತೆ ಮತ್ತೆ ಎಡವಿದ್ದು 12 ಮತ್ತು 16ನೇ ಪ್ರಶ್ನೆಯಲ್ಲಿ. 12ನೆಯದು ಮೈಯಲ್ಲಿ ಕಸುವು ಇದೆಯಾ ಅನ್ನುವ ಥರದ್ದು. ಅದನ್ನು ಇಟ್ಟಿರುವುದು ಸಾರ್ಥಕತೆಯ ಗುಂಪಿನಲ್ಲಿ, ಆದರೆ ಅದು ಓಡಿಹೋಗಿ ಸುಸ್ತಿನ ಗುಂಪು ಸೇರುತ್ತದೆ, ತಲೆಕೆಳಗಾಗಿ. 16ನೆಯದು ಸುಸ್ತಿನ ಗುಂಪಿನದು, ಅದಕ್ಕೆ ಕಲ್ಲು ಮನಸ್ಸಿನ ಕಡೆಗೂ ಎಳೆತ. ಮಾಡಿದವರೇ ತಮ್ಮ ಕೈಪಿಡಿಯಲ್ಲಿ ಇಂಥ ವಿಶ್ಲೇಷಣೆ ಮಾಡುವಾಗ ಈ ಎರಡನ್ನು ಬಿಡಿ ಅಂದಿದ್ದಾರೆ. ನಮ್ಮ ನಲವತ್ತರೊಳಗಿನ ಜನರಿಂದ ಇದನ್ನೆಲ್ಲ ಲೆಕ್ಕ ಹಾಕಲು ಆಗುವುದಿಲ್ಲ. ಪ್ರಶ್ನೆಗೆ ಹತ್ತು ಜನರಂತೆ ಹಿಡಿದರೂ 220 ಜನ ಬೇಕು. ಆದರೆ 12ನೇ ಪ್ರಶ್ನೆಗೆ ಬಂದಾಗ ಜನ ಪೆನ್ನು ನಿಲ್ಲಿಸಿ "ಇದನ್ನ ಆಗ್ಲೇ ಕೇಳಿದ್ರಲ್ಲ?" ಅಂದದ್ದು ಮಾತ್ರ ನಿಜ.

ಮೂಲದಲ್ಲಿ ಮಾಡಿದ ಇನ್ನೊಂದು ಪರೀಕ್ಷೆ ಚೆನ್ನಾಗಿದೆ. ತುಂಬಿದವರ ಮಾತನ್ನಷ್ಟೇ ನಂಬದೆ ಅವರನ್ನು ಹತ್ತಿರದಿಂದ ಬಲ್ಲವರನ್ನೂ ಕೇಳಿದರು. ಪೊಲೀಸರ ಹೆಂಡತಿಯರನ್ನು ಕೇಳಿದಾಗ, ಸುಸ್ತಿನ ಅಂಕ ಜಾಸ್ತಿ ಬಂದವರು ಮನೆಗೆ ಸಿಟ್ಟು, ದುಗುಡ ಹೊತ್ತು ಬರುತ್ತಾರೆ ಅಂತ ಹೆಂಡತಿಯರೂ ಹೇಳಿದರು. ಎರಡೂ ತಾಳೆಯಾಯಿತು. ನಾವೂ ಮಾಡೋಣ ಅಂತ ಒಬ್ಬರ ಮನೆಗೆ ಹೋದೆ. ಗಂಡ ಜಗುಲಿಯಲ್ಲಿ ಕೂತಿದ್ದರು. "ಅವಳಿಗೇನ್ ಸುಸ್ತು ಮೇಡಂ, ಸ್ಕೂಟಿಲಿ ಓಡಾಡ್ತಾಳೆ" ಅಂದರು. ಒಳಗಿನಿಂದ ಪಾತ್ರೆ ಎತ್ತಿ ಇಟ್ಟ ಸದ್ದು ಬಂತು. ಅಲ್ಲಿಗೆ ಆ ಪರೀಕ್ಷೆ ಕೈಬಿಟ್ಟೆ. ಜೊತೆಗೆ ಮನೆ ಭೇಟಿಗೆ ಹೋಗುವ ಜೋಡಿಯವರನ್ನು ಕೇಳಿದೆ, ಅದು ಎಷ್ಟೋ ವಾಸಿ. ಒಂದೇ ಬಸ್ಸು, ಒಂದೇ ಬುತ್ತಿ, ಅವರಿಗೆ ಗೊತ್ತಿಲ್ಲದ್ದು ಏನಿದೆ.

ಲಿಸ್ಟಿನ ವಿಷಯಕ್ಕೆ ಬರುತ್ತೇನೆ. ಮುಖ್ಯಸ್ಥರಿಗೆ ಎಲ್ಲಿಂದಲೋ ಸಿಕ್ಕಿದ ಅಂಕಿ 27. ಸುಸ್ತಿನ ಭಾಗದಲ್ಲಿ 54ಕ್ಕೆ 27 ಅಥವಾ ಜಾಸ್ತಿ ಬಂದರೆ "ಹೈ". ಆ ಅಂಕಿ ಸುಳ್ಳಲ್ಲ, 1996ರ ಕೈಪಿಡಿಯಲ್ಲಿ ಹಾಗೇ ಇತ್ತು. ಆದರೆ ಅದು ಬಂದದ್ದು ಹೇಗೆ? ಅಮೆರಿಕದಲ್ಲಿ ಫಾರಂ ತುಂಬಿದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ ಮೂರು ಸಮಪಾಲು ಮಾಡಿದರು. ಮೇಲಿನ ಪಾಲು ಹೈ, ನಡುವಿನದು ಮಧ್ಯಮ, ಕೆಳಗಿನದು ಲೋ. ಅಷ್ಟೇ. 27 ದಾಟಿದವರು ಕಾಯಿಲೆ ಬಿದ್ದರು, 26ರವರು ಆರಾಮಾಗಿದ್ದರು ಅಂತ ಯಾರೂ ಪರೀಕ್ಷೆ ಮಾಡಿ ಆ ಗೆರೆ ಎಳೆದದ್ದಲ್ಲ. ಹತ್ತನೇ ಕ್ಲಾಸಿನಲ್ಲಿ ಮಕ್ಕಳು ಎಷ್ಟೇ ಚೆನ್ನಾಗಿ ಬರೆದಿರಲಿ, ಕೊನೆಯ ಮೂರನೇ ಒಂದು ಪಾಲು ಫೇಲ್ ಅಂದ ಹಾಗೆ. ಆ ಗೆರೆಯನ್ನು ತಂದು ಹಾಸನದ ಆಶಾ ಕಾರ್ಯಕರ್ತೆ ಮೇಲೆ ಎಳೆಯೋದು ಯಾವ ನ್ಯಾಯ? ಹೊಸ ಕೈಪಿಡಿಯಲ್ಲಿ ಮಾಡಿದವರೇ ಈ ಗೆರೆಗಳನ್ನು ತೆಗೆದುಹಾಕಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಒಪ್ಪಿದ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಅಂತ ಸೇರಿಸಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸಮಸ್ಯೆ ಅಂತ ಇಟ್ಟಿದೆ. ಸಮಸ್ಯೆ ಕೆಲಸದ ಜಾಗದ್ದಾದರೆ ಲಿಸ್ಟಿನಲ್ಲಿ ಹೆಸರು ಬರಬೇಕಾದ್ದು ಯಾರದ್ದು? ಇದನ್ನ ಮೀಟಿಂಗಿನಲ್ಲಿ ಕೇಳಿದೆ. ಚಹಾ ಬಂತು, ವಿಷಯ ಬದಲಾಯಿತು.

ಸಮಯದ್ದೂ ಒಂದು ಕಥೆ ಇದೆ. ಎರಡನೇ ಸುತ್ತು ನಾವು ಮಾಡಿದ್ದು ಹಾಸನಾಂಬೆ ಬಾಗಿಲು ಹಾಕಿದ ಮರುವಾರ. ಹೊರಗಿನವರಿಗೆ ಹೇಳಬೇಕೆಂದರೆ, ಈ ಗುಡಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಆ ಕೆಲವೇ ದಿನ ಊರಿಗೆ ಊರೇ ಕ್ಯೂನಲ್ಲಿ ನಿಂತಿರುತ್ತೆ, ನರ್ಸ್‌ಗಳಿಂದ ಹಿಡಿದು ಪೊಲೀಸರವರೆಗೆ ಎಲ್ಲರಿಗೂ ಹಗಲು ರಾತ್ರಿ ಡ್ಯೂಟಿ. ಆ ಕಾಲಿನ ನೋವು ಇಳಿಯುವ ಮೊದಲೇ ಸುಸ್ತು ಎಷ್ಟಿದೆ ಅಂತ ಕೇಳಿದರೆ ಏನು ಹೇಳುತ್ತಾರೆ? ಪ್ರಶ್ನೆ ಕೇಳುವುದು ವರ್ಷದ ಲೆಕ್ಕ, ಉತ್ತರ ಬರುವುದು ಹೋದ ವಾರದ್ದು. 2025ರ ಜೂನ್, ಜುಲೈನಲ್ಲಿ ಹೃದಯಾಘಾತದ ಸುದ್ದಿ ಹಬ್ಬಿ ಜನ ಎದೆ ಪರೀಕ್ಷೆ ಮಾಡಿಸಲು ಆಸ್ಪತ್ರೆಗಳಿಗೆ ಮುಗಿಬಿದ್ದಿದ್ದರಲ್ಲ, ಆ ತಿಂಗಳು ಕೊಟ್ಟಿದ್ದರೂ ಹೀಗೇ ಆಗುತ್ತಿತ್ತು. ಇದು ಫಾರಂನ ತಪ್ಪಲ್ಲ, ನನ್ನದು. ದಿನ ಗೊತ್ತು ಮಾಡಿದ್ದು ನಾನೇ.

ಇದರ ಬದಲಿಗೆ ಬೇರೆ ಏನಿದೆ ಅಂತ ಕೇಳುವವರಿಗೆ ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿ ಇದೆ. ದುಡ್ಡಿಲ್ಲ, ಯಾರು ಬೇಕಾದರೂ ಬಳಸಬಹುದು. ಡೆನ್ಮಾರ್ಕಿನ ಕ್ರಿಸ್ಟೆನ್ಸನ್ ಮತ್ತು ಜೊತೆಗಾರರು ಇದೇ ಥರದ ಜನಸೇವೆಯ ಕೆಲಸಗಾರರು 1914 ಮಂದಿಯನ್ನು ಇಟ್ಟುಕೊಂಡು ಮಾಡಿದ ಅಧ್ಯಯನದಿಂದ ಹುಟ್ಟಿದ್ದು, 2005ರಲ್ಲಿ ಪ್ರಕಟವಾಯಿತು. 19 ಪ್ರಶ್ನೆ. ವೈಯಕ್ತಿಕ ಸುಸ್ತಿಗೆ 6, ಕೆಲಸದ ಸುಸ್ತಿಗೆ 7, ಜನರ ಜೊತೆ ಒಡನಾಡಿ ಬರುವ ಸುಸ್ತಿಗೆ 6. ಮ್ಯಾಸ್ಲಾಕ್ ಫಾರಂನ ಕೆಲವು ಪ್ರಶ್ನೆಗಳು ತಮ್ಮ ದೇಶದ ಕೆಲಸಗಾರರಿಗೆ ಚುಚ್ಚಿದ ಹಾಗಿವೆ ಅನ್ನುವುದೂ ಅವರ ದೂರುಗಳಲ್ಲಿ ಒಂದು. ಓದಿದಾಗ ನಮ್ಮ ಬೆಡ್ ನಂಬರಿನ ಸಿಸ್ಟರ್ ನೆನಪಾದರು. ಡೆನ್ಮಾರ್ಕಿನಲ್ಲೂ ಅದೇ ಗೋಳು! ಇದರ ಆಲ್ಫಾ 0.85ರಿಂದ 0.87. ನಮ್ಮವರಲ್ಲಿ ಹತ್ತು ಹನ್ನೆರಡು ಜನರಿಗೆ ಕೊಟ್ಟು ನೋಡಿದೆ, ಸಲೀಸಾಗಿ ತುಂಬಿದರು. ಕೆಲಸದಿಂದ ಬಂದ ಸುಸ್ತನ್ನೂ ಜನರಿಂದ ಬಂದ ಸುಸ್ತನ್ನೂ ಬೇರೆ ಮಾಡಿ ಕೇಳುವುದು ನಮಗೆ ಬಹಳ ಉಪಯೋಗಕ್ಕೆ ಬಂತು. ಯಾಕೆಂದರೆ ಅವರಿಗೆ ಬಾಣಂತಿಯರಿಂದ ಬೇಸರ ಆಗಿರಲಿಲ್ಲ, ಬಾಣಂತಿಯ ವಿವರವನ್ನು ಪುಸ್ತಕದಲ್ಲಿ ಒಂದು ಸಲ, ಮೊಬೈಲಿನಲ್ಲಿ ಒಂದು ಸಲ ತುಂಬುವುದರಿಂದ ಆಗಿತ್ತು. ಹಾಗಂತ ಇದೇ ಎಲ್ಲಾ ರೀತಿಯಲ್ಲೂ ಮೇಲು ಅನ್ನಲಾರೆ. ಕಲ್ಲು ಮನಸ್ಸು, ಸಾರ್ಥಕತೆ ಇವೆರಡನ್ನೂ ಇದು ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ತಪ್ಪು ಉತ್ತರವೂ ಬರುವುದಿಲ್ಲ, ಸರಿ. ಆದರೆ ಕೆಲಸ ಬಿಡುವ ಮೊದಲು ನಮ್ಮ ಹುಡುಗಿಯರಲ್ಲಿ ನಾನು ನೋಡಿದ ಬದಲಾವಣೆ ಅದೇ ಆಗಿತ್ತು, ಬಾಗಿಲಲ್ಲಿ ನಿಂತೇ ಮಾತಾಡಿಸಿ ಬರೋದು.

ಇನ್ನೊಬ್ಬರ ಬಗ್ಗೆ ಹೇಳಬೇಕು, ಗುರುತು ಸಿಗದ ಹಾಗೆ. ಎರಡನೇ ಸುತ್ತಿನಲ್ಲೂ ಅವರ ಸುಸ್ತಿನ ಅಂಕ ಕಡಿಮೆಯೇ. ತಾವಾಗಿ ಬಂದು ತಮ್ಮ ಹಾಳೆ ಯಾವುದು ಅಂತ ತೋರಿಸಿದರು. "ಇದರಲ್ಲಿ ಎಲ್ಲಾ ಕೆಲಸದ ಬಗ್ಗೆನೇ ಕೇಳಿದಾರೆ ಮೇಡಂ. ಕೆಲಸಕ್ಕೆ ಬಂದಾಗ ನಾನು ಚೆನ್ನಾಗೇ ಇರ್ತೀನಿ. ಮನೆಗೋದ್ಮೇಲೆ ನಿದ್ದೆ ಬರಲ್ಲ, ಬದುಕೇ ಬ್ಯಾಡ ಅನ್ಸುತ್ತೆ" ಅಂದರು. ಇಂಥದ್ದನ್ನು ಹಿಡಿಯಲು ಈ ಫಾರಂ ಮಾಡಿದ್ದಲ್ಲ. ಬರ್ನ್‌ಔಟ್ ಎಲ್ಲಿ ಮುಗಿಯುತ್ತೆ, ಖಿನ್ನತೆ ಎಲ್ಲಿ ಶುರುವಾಗುತ್ತೆ ಅಂತ ವಿದ್ವಾಂಸರೇ ಇನ್ನೂ ಕಿತ್ತಾಡುತ್ತಿದ್ದಾರೆ. ಅಂದು ಅಲ್ಲೇ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿಕೊಟ್ಟೆ, ಮರುದಿನ ಡಾಕ್ಟರ ಹತ್ತಿರ ಜೊತೆಗೆ ಹೋದೆ. ಈಗ ಪರವಾಗಿಲ್ಲ. ಅಂಕ ನೋಡಿ ಲಿಸ್ಟ್ ಮಾಡಿದ್ದರೆ ಅವರ ಹೆಸರು "ಚೆನ್ನಾಗಿದ್ದಾರೆ" ಅನ್ನುವ ಕಡೆ ಇರುತ್ತಿತ್ತು.

ಕೊಳ್ಳಬೇಕಾ? ಕಾಲೇಜಿನಲ್ಲಿ ಸಂಶೋಧನೆ ಮಾಡುವವರು, ಇನ್ನೂರು ಮುನ್ನೂರು ಜನ ಸಿಗುವವರು, ಬೇರೆ ದೇಶದ ಅಧ್ಯಯನಗಳ ಜೊತೆ ಇಟ್ಟು ನೋಡಬೇಕಾದವರು ಕೊಳ್ಳಿ. ನಲವತ್ತು ವರ್ಷ ಮೀರಿ ಇಷ್ಟೊಂದು ಕಡೆ ಉಜ್ಜಿಸಿಕೊಂಡು ಉಳಿದ ಸಾಧನ ಬೇರೆ ಇಲ್ಲ, ಅದರ ಕುಂದುಗಳು ಕೂಡ ಎಲ್ಲರಿಗೂ ಗೊತ್ತಿರುವ ಕುಂದುಗಳು. ನಮ್ಮಂಥ ಸಣ್ಣ ಸಂಸ್ಥೆಯವರು ಕೋಪನ್‌ಹೇಗನ್ನಿನದನ್ನು ಪುಕ್ಕಟೆ ತಗೊಂಡು, ಉಳಿದ ದುಡ್ಡಿನಲ್ಲಿ ಸಿಬ್ಬಂದಿಗೆ ಒಂದು ದಿನ ಊಟ ಹಾಕಿಸಿ. ಒಬ್ಬೊಬ್ಬರಿಗೂ ಪಾಸು ಫೇಲು ಮಾಡಬೇಕು ಅಂತಿರುವವರು ಯಾವುದನ್ನೂ ಮುಟ್ಟಬೇಡಿ. ನನ್ನ ಮಾರ್ಕು ಐದಕ್ಕೆ ಮೂರು. ಅದರಲ್ಲಿ ಎರಡೂವರೆ ಸುಸ್ತಿನ ಒಂಬತ್ತು ಪ್ರಶ್ನೆಗೇ.

ಮುಖ್ಯಸ್ಥರಿಗೆ ಕೊನೆಗೆ ಕೊಟ್ಟದ್ದು ಒಂದೇ ಹಾಳೆ. ಗುಂಪಿನ ಮೂರು ಸರಾಸರಿ, ಅವುಗಳ ಕೆಳಗೆ ಜನ ಫಾರಂನ ಹಿಂದುಗಡೆ ತಾವಾಗೇ ಗೀಚಿದ ಸಾಲುಗಳು. ಯಾರೂ ಕೇಳದೆ ಬರೆದದ್ದು ಅವು. "ಮೀಟಿಂಗ್ ಶನಿವಾರ ಇಡಬೇಡಿ." "ಒಂದೇ ವಿಷಯ ಎರಡು ಕಡೆ ಬರೆಸಬೇಡಿ." "ಟಿಎ ಬಿಲ್ಲು ಮೂರು ತಿಂಗಳಿಂದ ಬಂದಿಲ್ಲ." ಟಿಎ ಬಿಲ್ಲು ಮರುವಾರ ಪಾಸಾಯಿತು. ಮೀಟಿಂಗ್ ಇನ್ನೂ ಶನಿವಾರವೇ ಇದೆ. ಮೂರನೇ ಸುತ್ತು ಸಂಕ್ರಾಂತಿ ಕಳೆದ ಮೇಲೆ ಅಂತ ಮಾತಾಗಿದೆ. ತುಂಬಿದ ಹಾಳೆಗಳು ಬೀರುವಿನಲ್ಲಿವೆ, ಲಿಸ್ಟಿನ ಮಾತು ಈಗಲೂ ಆಗಾಗ ಬರುತ್ತೆ, ಬೀಗದ ಕೈ ನನ್ನ ಹತ್ತಿರ ಇದೆ.